ಆರುನೂರು ಪ್ರತಿಗಳ ಲೆಕ್ಕ

ಮೊದಲು ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ನಮ್ಮಲ್ಲಿ ಬರೆಯುವವರು ಅದೊಂದನ್ನು ಬಿಟ್ಟು ಮಿಕ್ಕೆಲ್ಲ ಹೇಳಿಕೊಳ್ಳುತ್ತಾರೆ. ಕಥೆ ಎಲ್ಲಿ ಹೊಳೆಯಿತು, ಪಾತ್ರಗಳು ಹೇಗೆ ನಿದ್ದೆ ಕೆಡಿಸಿದವು, ಅಜ್ಜಿ ಯಾವ ಕಥೆ ಹೇಳುತ್ತಿದ್ದಳು, ಎಲ್ಲವೂ ಬರುತ್ತದೆ. ಎಷ್ಟು ಪ್ರತಿ ಹೋಯಿತು ಎಂದು ಕೇಳಿ ನೋಡಿ, ಕಾಫಿ ಆರುತ್ತಿದೆ ತಗೊಳ್ಳಿ ಎನ್ನುತ್ತಾರೆ.

ನನ್ನ ಕಾದಂಬರಿ 384 ಪುಟ, ಡೆಮಿ ಆಕಾರ, ಬೆಲೆ 400 ರೂಪಾಯಿ. ಅಚ್ಚಾದದ್ದು 600 ಪ್ರತಿ, ಗೌರವಧನ ಶೇಕಡಾ 10. ಅಂದರೆ ಒಂದೂ ಉಳಿಯದಂತೆ ಅಷ್ಟೂ ಮಾರಾಟವಾಗಿ, ಪ್ರಕಾಶಕರು ಮಾತಿಗೆ ತಪ್ಪದೆ ಕೊಟ್ಟರೂ ನನ್ನ ಪಾಲಿಗೆ ಬರುವುದು 24,000 ರೂಪಾಯಿ. ಎಂಟೊಂಬತ್ತು ವರ್ಷ ಬರೆದ ಪುಸ್ತಕದ ಪರಮಾವಧಿ ಯಶಸ್ಸು ಇಷ್ಟು. ಬಂದದ್ದು ಅದರ ಮೂರನೆಯ ಒಂದು ಪಾಲು. ಅದರಲ್ಲೂ ಅರ್ಧ ನಗದು, ಇನ್ನರ್ಧಕ್ಕೆ ಅದೇ ಪ್ರಕಾಶನದ ಬೇರೆ ಪುಸ್ತಕಗಳನ್ನು ಆರಿಸಿಕೊಳ್ಳಿ ಎಂದರು. ಆರಿಸಿಕೊಂಡೆ. ಹೀಗೆ ನನ್ನ ಮಾರಾಟವಾಗದ ಕಾದಂಬರಿಯ ದುಡ್ಡಿಗೆ ಬೇರೆಯವರ ಮಾರಾಟವಾಗದ ಕಾದಂಬರಿಗಳು ಮನೆಗೆ ಬಂದವು. ಅವುಗಳಲ್ಲಿ ಎರಡು ಬಹಳ ಒಳ್ಳೆಯವು.

ನನ್ನದೂ ಒಳ್ಳೆಯದೇ. ವಿನಯಕ್ಕಾಗಿ ಸುಳ್ಳು ಹೇಳುವ ವಯಸ್ಸು ದಾಟಿದ್ದೇನೆ. ಭದ್ರಾವತಿಯ ಕಾಗದದ ಕಾರ್ಖಾನೆಯನ್ನು ನಂಬಿ ಬದುಕಿದ ಮೂರು ತಲೆಮಾರಿನ ಕಥೆ ಅದು. ಮಹಾರಾಜರ ಕಾಲದಲ್ಲಿ, 1930ರ ದಶಕದಲ್ಲಿ ಹುಟ್ಟಿದ ಮೈಸೂರು ಪೇಪರ್ ಮಿಲ್ಸ್ 2015ರಲ್ಲಿ ಕಾಗದ ಮಾಡುವುದನ್ನು ನಿಲ್ಲಿಸಿತು. ನನ್ನ ತಂದೆ ಅಲ್ಲಿ ತಿರುಳು ಬೇಯಿಸುವ ವಿಭಾಗದಲ್ಲಿದ್ದವರು. ಬಿದಿರು, ನೀಲಗಿರಿ, ಕಬ್ಬಿನ ಸಿಪ್ಪೆ ಬೇಯುವ ಆ ನಾತ ಕಾಗದನಗರದ ಕ್ವಾರ್ಟರ್ಸಿನಲ್ಲಿ ಹಾಸಿಗೆಗೂ ಅನ್ನಕ್ಕೂ ಶಾಲೆಯ ಅಂಗಿಗೂ ಹತ್ತಿಕೊಂಡಿರುತ್ತಿತ್ತು. ಬ್ಯಾಂಕಿನ ಕೆಲಸ ಮುಗಿಸಿ ಬಂದು ರಾತ್ರಿ ಹೊತ್ತು ಬರೆದೆ. ನಿವೃತ್ತರಾದ ಕಾರ್ಮಿಕರ ಮನೆಗಳಿಗೆ ಹೋಗಿ ಕೂತು ಅವರ ಮಾತು ಬರೆದುಕೊಂಡೆ, ಯಂತ್ರಗಳ ಹೆಸರನ್ನು ಅವರು ಹೇಗೆ ಕನ್ನಡ ಮಾಡಿಕೊಂಡಿದ್ದರೋ ಹಾಗೇ ಇಟ್ಟೆ. ಅಚ್ಚಿಗೆ ಹೋಗುವ ಮುನ್ನ ನಾಲ್ಕೈದು ಅಧ್ಯಾಯ ಕಿತ್ತೆಸೆದೆ. ಹಸ್ತಪ್ರತಿ ಓದಿದ ಹಿರಿಯ ವಿಮರ್ಶಕರೊಬ್ಬರು ಫೋನ್ ಮಾಡಿ, ಕಾರ್ಖಾನೆಯೊಂದು ಕನ್ನಡ ಕಾದಂಬರಿಯಲ್ಲಿ ಇಷ್ಟು ಮೈದಳೆದು ಬಂದದ್ದನ್ನು ನಾನು ಕಂಡಿಲ್ಲ ಎಂದರು. ಆ ರಾತ್ರಿ ನಾನು ಊಟ ಮಾಡಲಿಲ್ಲ, ಸಂತೋಷಕ್ಕೆ.

ಪ್ರಕಾಶಕರು ಸಿಗಲು ಎರಡು ವರ್ಷದ ಮೇಲಾಯಿತು. ಯಾರೂ ಪುಸ್ತಕ ಚೆನ್ನಾಗಿಲ್ಲ ಎನ್ನಲಿಲ್ಲ. ಒಬ್ಬರು, ಇದನ್ನು ಅಚ್ಚು ಹಾಕುವುದು ನಮ್ಮ ಭಾಗ್ಯ ಎಂದು ಹೇಳಿ ಒಂದೂವರೆ ವರ್ಷ ಇಟ್ಟುಕೊಂಡು ವಾಪಸ್ ಕೊಟ್ಟರು. ಇನ್ನೊಬ್ಬರು ಇನ್ನೂರು ಪ್ರತಿ ನೀವೇ ಕೊಂಡುಕೊಳ್ಳುವುದಾದರೆ ನಾಳೆಯೇ ಕೆಲಸ ಶುರು ಎಂದರು. ಕೊನೆಗೆ ಒಪ್ಪಿದವರು ಪ್ರಾಮಾಣಿಕ ಮನುಷ್ಯ. ನನ್ನೆದುರೇ ರಸೀದಿ ಪುಸ್ತಕದ ಬೆನ್ನ ಮೇಲೆ ಲೆಕ್ಕ ಬರೆದು ತೋರಿಸಿದರು. 400 ರೂಪಾಯಿಯ ಪುಸ್ತಕದಲ್ಲಿ ಅಂಗಡಿಯವರಿಗೆ ಶೇಕಡಾ 40, ಅಂದರೆ 160 ಹೋಯಿತು. ಕಾಗದ, ಅಚ್ಚು, ಬೈಂಡಿಂಗ್ ಸೇರಿ ಪ್ರತಿಯೊಂದಕ್ಕೆ 120ರ ಹತ್ತಿರ. ನನಗೆ 40. ಉಳಿದ 80ರಲ್ಲಿ ಡಿಟಿಪಿ, ಮುಖಪುಟದ ಕಲಾವಿದರು, ಗೋದಾಮಿನ ಬಾಡಿಗೆ, ಕೊರಿಯರ್, ಮತ್ತು ಮಾರಾಟವಾಗದೆ ಕೂರುವ ಪ್ರತಿಗಳ ನಷ್ಟ. ‘ನಿಮ್ಮ ಪುಸ್ತಕ ದಪ್ಪ ಸ್ವಾಮಿ, ಅದೇ ಇದರ ಶತ್ರು’ ಎಂದರು. ಆ ಹೊತ್ತಿಗೆ ಕಾಗದದ ಬೆಲೆ ಏರಿ ಕೂತಿತ್ತು. ಕಾಗದ ಮಾಡಿದವರ ಕಥೆಯಲ್ಲಿ ಕಾಗದ ಉಳಿಸುವುದು ಹೇಗೆಂದು ನಾವಿಬ್ಬರೂ ಕೂತು ಅಕ್ಷರದ ಗಾತ್ರ ಅರ್ಧ ಪಾಯಿಂಟ್ ಇಳಿಸಿದೆವು.

ಇವರಲ್ಲಿ ಸಂಪಾದಕರು ಅಂತ ಯಾರೂ ಇರಲಿಲ್ಲ, ಕನ್ನಡದ ಬಹುಪಾಲು ಪ್ರಕಾಶನಗಳಲ್ಲಿ ಇರುವುದಿಲ್ಲ. ಕರಡು ನಾನೇ ತಿದ್ದಿದೆ, ಬೆನ್ನುಡಿ ನಾನೇ ಬರೆಸಿ ತಂದೆ. ಪ್ರಚಾರ ಎಂಬ ವಿಭಾಗ ಅವರ ಹೆಂಡತಿಯ ಮೊಬೈಲಿನಲ್ಲಿತ್ತು.

ಬಿಡುಗಡೆ ಬೆಂಗಳೂರಿನಲ್ಲಿ, ಭಾನುವಾರ ಬೆಳಗ್ಗೆ ಹತ್ತೂವರೆಗೆ. ಉಪ್ಪಿಟ್ಟು, ಕೇಸರಿಬಾತು, ಭಾವಗೀತೆ, ನಾಲ್ವರು ಅತಿಥಿಗಳು. ಸಭಾಂಗಣದ ಬಾಡಿಗೆ, ತಿಂಡಿ, ಅತಿಥಿಗಳ ಕಾರು ನನ್ನ ಖರ್ಚು. ಆ ಒಂದು ಬೆಳಗ್ಗೆ ಹೋದ ಹಣ ಪುಸ್ತಕ ನನಗೆ ಕೊನೆಗೂ ತಂದುಕೊಟ್ಟದ್ದಕ್ಕಿಂತ ಹೆಚ್ಚು. ಭಾಷಣಗಳು ಅದ್ಭುತವಾಗಿದ್ದವು. ಒಬ್ಬರಂತೂ ಪುಸ್ತಕವನ್ನು ನಿಜವಾಗಿ ಓದಿಕೊಂಡೇ ಬಂದಿದ್ದರು, ಅಂಥ ಸಭೆಗಳಿಗೆ ಹೋಗುವವರಿಗೆ ಇದು ಎಷ್ಟು ಅಪರೂಪವೆಂದು ಗೊತ್ತು. ಬಾಗಿಲಲ್ಲಿ ಮೇಜು ಹಾಕಿ ಶೇಕಡಾ 20 ರಿಯಾಯಿತಿಯಲ್ಲಿ ಮಾರಿದರು. ಬಂದವರು ನೂರರ ಮೇಲೆ, ಕೊಂಡವರು ಮೂವತ್ತರ ಆಸುಪಾಸು.

ಉಳಿದವರು ಕಾದದ್ದು ಗೌರವ ಪ್ರತಿಗೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನನ್ನು ಹಣ್ಣು ಮಾಡಿದ್ದು ಇದೇ. ಪ್ರಕಾಶಕರು ನನಗೆ ಕೊಟ್ಟದ್ದು 25 ಪ್ರತಿ. ಕೇಳಿದವರು ಅದರ ನಾಲ್ಕು ಪಟ್ಟು. ಬ್ಯಾಂಕಿನ ಹಳೆಯ ಮ್ಯಾನೇಜರು, ಸೋದರ ಸಂಬಂಧಿಗಳು, ಅವರ ಅಪಾರ್ಟ್‌ಮೆಂಟಿನಲ್ಲಿರುವ ‘ಸಾಹಿತ್ಯದಲ್ಲಿ ತುಂಬ ಆಸಕ್ತಿ ಇರುವ’ ನೆರೆಯವರು, ಕಾಲೇಜಿನ ಕನ್ನಡ ಅಧ್ಯಾಪಕರು, ಪತ್ರಿಕೆಗಳ ಸಾಪ್ತಾಹಿಕ ವಿಭಾಗದವರು. ಮದುವೆಯ ಆಮಂತ್ರಣ ಬರಲಿಲ್ಲವೆಂದು ಬೇಸರಿಸಿಕೊಳ್ಳುವ ಧಾಟಿಯಲ್ಲೇ ಒಬ್ಬರು, ‘ಏನಪ್ಪ, ಪುಸ್ತಕ ಬರೆದೆಯಂತೆ, ನಮಗೆ ಕೊಡಲೇ ಇಲ್ಲ’ ಎಂದರು. ಆ ಮಹಾಶಯರು ಅವತ್ತು ನನ್ನನ್ನು ಕರೆದುಕೊಂಡು ಹೋದ ಹೋಟೆಲಿನ ಬಿಲ್ಲು ಪುಸ್ತಕದ ಬೆಲೆಯ ಎರಡರಷ್ಟಿತ್ತು, ಅದನ್ನು ಅವರೇ ಸಂತೋಷದಿಂದ ಕೊಟ್ಟರು. ದುಡ್ಡಿಲ್ಲದೆ ಅಲ್ಲ. ಗುರುತಿನವರ ಪುಸ್ತಕವನ್ನು ದುಡ್ಡು ಕೊಟ್ಟು ಕೊಳ್ಳುವುದು ನಮ್ಮ ಮಧ್ಯಮವರ್ಗದ ರೂಢಿಯಲ್ಲೇ ಇಲ್ಲ. ನನ್ನ ಪ್ರತಿಗಳು ಮುಗಿದ ಮೇಲೆ ನಾನೇ ಪ್ರಕಾಶಕರಿಂದ ಕೊಂಡು ಹಂಚಿದೆ. ನನ್ನ ಪುಸ್ತಕದ ಅತಿ ದೊಡ್ಡ ಗಿರಾಕಿ ಇಂದಿಗೂ ನಾನೇ.

ವಿಮರ್ಶೆಗಳು ಬಂದವು, ಆದರೆ ಏಳೆಂಟು ತಿಂಗಳು ತಡವಾಗಿ. ಭಾನುವಾರದ ಪುರವಣಿಯಲ್ಲಿ ಅರ್ಧ ಪುಟ ಬಂದ ದಿನ ಫೋನುಗಳೋ ಫೋನುಗಳು. ಮೈಸೂರಿನಿಂದ ಒಬ್ಬರು ಎಲ್ಲಿ ಸಿಗುತ್ತದೆಂದು ಕೇಳಿದರು, ಅಂಗಡಿಯ ಹೆಸರು ಹೇಳಿದೆ. ಸಂಜೆ ಅವರೇ ಮತ್ತೆ ಫೋನ್ ಮಾಡಿ ಅಲ್ಲಿಲ್ಲ ಎಂದರು. ಅಂಗಡಿಗೆ ಹೋಗಿದ್ದ ಐದು ಪ್ರತಿಗಳು ಮಾರಾಟವಾಗದೆ ಆರನೆಯ ತಿಂಗಳಿಗೆ ವಾಪಸ್ ಬಂದಿದ್ದವು. ಹೊಗಳಿಕೆ ಬಂದಾಗ ಪುಸ್ತಕ ಇಲ್ಲ, ಪುಸ್ತಕ ಇದ್ದಾಗ ಹೊಗಳಿಕೆ ಇಲ್ಲ. ಓದುಗನ ಆಸೆಯ ಆಯುಸ್ಸು ಒಂದು ಸಂಜೆ, ಹೆಚ್ಚೆಂದರೆ ಎರಡು. ಆಮೇಲೆ ಅವನು ಬೇರೇನೋ ಓದುತ್ತಾನೆ, ಇಲ್ಲವೇ ಫೋನ್ ನೋಡುತ್ತಾನೆ. ಅವನನ್ನು ದೂರಲಾರೆ.

ಮುಂದಿನ ವರ್ಷ ಒಂದು ದತ್ತಿ ಪ್ರಶಸ್ತಿ ಬಂತು. ಇಂಥ ಪ್ರಶಸ್ತಿಗಳಿಗೆ ಲೇಖಕರೇ ಮೂರೋ ನಾಲ್ಕೋ ಪ್ರತಿ ಕಳುಹಿಸಿ ಅರ್ಜಿ ಹಾಕಬೇಕು. ನನ್ನ ಹಲವು ಪ್ರತಿಗಳು ಹೀಗೆ ರಾಜ್ಯದ ತುಂಬ ಸಂಚಾರ ಹೋದವು. ಶಾಲು, ಹಾರ, ಹಣ್ಣಿನ ಬುಟ್ಟಿ, ಫಲಕ, ಸಣ್ಣದೊಂದು ಚೆಕ್ಕು. ಪ್ರಶಸ್ತಿ ಬಂದರೆ ಮಾರಾಟ ಏರುತ್ತದೆಂದು ನಾನೂ ಪ್ರಕಾಶಕರೂ ನಂಬಿದ್ದೆವು. ಏರಿತು, ಹತ್ತಿಪ್ಪತ್ತು ಪ್ರತಿ. ಊರಿನಲ್ಲಿ ಸನ್ಮಾನ ಮಾಡಿದವರು ನನ್ನನ್ನು ‘ಖ್ಯಾತ ಕಾದಂಬರಿಕಾರ’ ಎಂದು ಕರೆದರು. ಆ ಸಭೆಯಲ್ಲಿ ಕಾದಂಬರಿ ಓದಿದ್ದವರು ಇಬ್ಬರು, ಅದರಲ್ಲಿ ಒಬ್ಬಳು ನನ್ನ ತಂಗಿ.

ಇಷ್ಟೆಲ್ಲ ಆದರೂ ಪ್ರಕಾಶಕರು ಧೈರ್ಯವಾಗಿಯೇ ಇದ್ದರು. ಅವರು ಕಾಯುತ್ತಿದ್ದದ್ದು ಓದುಗನಿಗಲ್ಲ, ಸಗಟು ಖರೀದಿಗೆ. ಕನ್ನಡ ಪುಸ್ತಕೋದ್ಯಮದ ನಡುಗಂಬ ಇದು, ಹೊರಗಿನವರಿಗೆ ಗೊತ್ತಿರುವುದಿಲ್ಲ. ಸರಕಾರ ಸಾರ್ವಜನಿಕ ಗ್ರಂಥಾಲಯಗಳಿಗೆಂದು ಆಯ್ಕೆಯಾದ ಪ್ರತಿ ಪುಸ್ತಕದ 300 ಪ್ರತಿ ಕೊಳ್ಳುತ್ತದೆ, ಪುಟಕ್ಕೆ ಇಷ್ಟು ಎಂಬ ದರದಲ್ಲಿ. ಆಸ್ತಿ ತೆರಿಗೆಯ ಜೊತೆ ನಾವೆಲ್ಲ ಕಟ್ಟುವ ಗ್ರಂಥಾಲಯ ಕರ ಇದರ ಮೂಲ. ಆಯ್ಕೆ ಪಟ್ಟಿ ವರ್ಷಗಟ್ಟಲೆ ಹಿಂದೆ ಬೀಳುತ್ತದೆ, ಹಣ ಅದಕ್ಕಿಂತ ಹಿಂದೆ. ಆದರೆ ಬಂದರೆ ಅರ್ಧ ಮುದ್ರಣ ಒಂದೇ ಏಟಿಗೆ ಹೋದಂತೆ. ಹಾಗಾಗಿ ನಮ್ಮಲ್ಲಿ ಎಷ್ಟೋ ಪುಸ್ತಕಗಳು ಹುಟ್ಟುವಾಗಲೇ ಈ ಮುನ್ನೂರನ್ನು ಲೆಕ್ಕ ಹಾಕಿಕೊಂಡು ಹುಟ್ಟುತ್ತವೆ. ಈ ಖರೀದಿ ಇಲ್ಲದಿದ್ದರೆ ಕನ್ನಡದ ಅನೇಕ ಒಳ್ಳೆಯ ಪುಸ್ತಕಗಳು ಬರುತ್ತಲೇ ಇರಲಿಲ್ಲ, ಇದನ್ನು ಒಪ್ಪುತ್ತೇನೆ. ಅದರ ಇನ್ನೊಂದು ಮುಖವನ್ನೂ ಕಂಡಿದ್ದೇನೆ. ಓದುಗನಿಲ್ಲದೆಯೂ ಗಿರಾಕಿ ಸಿಗುವುದಾದರೆ ಓದುಗನನ್ನು ಹುಡುಕಿಕೊಂಡು ಹೋಗುವ ಕಾಲಿನ ಅಭ್ಯಾಸವೇ ತಪ್ಪಿಹೋಗುತ್ತದೆ. ನನ್ನ ಪುಸ್ತಕ ಪಟ್ಟಿಯಲ್ಲಿ ಬರಲಿಲ್ಲ. ಅದೇ ವರ್ಷದ ಪಟ್ಟಿಯಲ್ಲಿ ಬಂದ ಕೆಲವನ್ನು ಓದಿದ್ದೇನೆ. ಆ ಬಗ್ಗೆ ಸುಮ್ಮನಿರುತ್ತೇನೆ.

ಇನ್ನೊಂದು ಬಾಗಿಲು ಪಠ್ಯ. ಯಾವುದಾದರೂ ವಿಶ್ವವಿದ್ಯಾಲಯ ನಿಮ್ಮ ಕಾದಂಬರಿಯನ್ನು ಪದವಿ ತರಗತಿಗೆ ಇಟ್ಟರೆ ವರ್ಷಕ್ಕೆ ಸಾವಿರಗಟ್ಟಲೆ ಪ್ರತಿ ಹೋಗುತ್ತದೆ. ಕನ್ನಡ ಕಾದಂಬರಿಕಾರನಿಗೆ ಲಾಟರಿ ಹೊಡೆಯುವುದು ಎಂದರೆ ಇದೇ. ಪಠ್ಯ ಸಮಿತಿಯಲ್ಲಿದ್ದ ಸ್ನೇಹಿತರೊಬ್ಬರು ನನ್ನದನ್ನು ಮನಸಾರೆ ಓದಿ ಮೆಚ್ಚಿ, ‘ಆದರೆ 384 ಪುಟ! ಒಂದು ಸೆಮಿಸ್ಟರಿಗೆ ನೂರೈವತ್ತು ಪುಟದ್ದು ಬೇಕು’ ಎಂದರು. ಮತ್ತೆ ಅದೇ ದಪ್ಪ.

ಈ ಎಲ್ಲದರ ನಡುವೆ ನನ್ನನ್ನು ಕಾಡಿದ ಪ್ರಶ್ನೆ, ಹಿಂದಿನವರಿಗೆ ಹೇಗೆ ಸಾಧ್ಯವಾಯಿತು ಎಂಬುದು. ಅನಕೃ, ತರಾಸು, ತ್ರಿವೇಣಿ, ಎಂ.ಕೆ. ಇಂದಿರಾ ಇವರನ್ನು ನಮ್ಮಮ್ಮ ಓದಿದ್ದು ಕೊಂಡಲ್ಲ. ಕಾಗದನಗರದಲ್ಲಿ ಒಬ್ಬರು ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಮನೆಮನೆಗೆ ಬರುತ್ತಿದ್ದರು. ವಾರಕ್ಕೆ ಎರಡು ಕಾದಂಬರಿ, ತಿಂಗಳಿಗೆ ಇಷ್ಟು ಎಂದು ಬಾಡಿಗೆ. ಅಂಥ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಊರೂರಲ್ಲಿ ಇದ್ದವು, ಅವು ಪುಸ್ತಕ ಕೊಳ್ಳುತ್ತಿದ್ದವು. ಅದರ ಜೊತೆಗೆ ವಾರಪತ್ರಿಕೆಗಳು. ಸುಧಾ ಶುರುವಾದದ್ದು 1965ರಲ್ಲಿ, ತರಂಗ 1983ರಲ್ಲಿ. ಅವುಗಳ ಧಾರಾವಾಹಿ ಓದಲು ಮನೆಯಲ್ಲಿ ಸರದಿ ಇರುತ್ತಿತ್ತು, ಪುಸ್ತಕವಾಗಿ ಬರುವ ಹೊತ್ತಿಗೆ ಊರಿಗೆಲ್ಲ ಅದರ ಹೆಸರು ಗೊತ್ತು. ಧಾರವಾಡದಲ್ಲಿ ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆ 1933ರಿಂದ ಚಂದಾದಾರರನ್ನು ಕಟ್ಟಿಕೊಂಡು ಬಂದಿತ್ತು. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಬಂದದ್ದು ಆ ಮಾಲೆಯಲ್ಲೇ. ಅಂಥ ಕಾದಂಬರಿಯನ್ನು ಅಂಗಡಿಯಲ್ಲಿ ತಿರುವಿ ನೋಡಿ ಕೊಳ್ಳುವಷ್ಟು ಧೈರ್ಯ ಎಷ್ಟು ಜನಕ್ಕೆ ಇರುತ್ತಿತ್ತೋ, ಚಂದಾ ಕಟ್ಟಿದವರ ಮನೆಗಂತೂ ಅದು ತಾನಾಗಿ ಬಂದು ಬಿತ್ತು. ಅದಕ್ಕೂ ಹಿಂದೆ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕಾರಂತರು ಪುತ್ತೂರಿನಲ್ಲಿ ಹರ್ಷ ಪ್ರಕಟಣಾಲಯ ಇಟ್ಟುಕೊಂಡಿದ್ದರು. ತೇಜಸ್ವಿಯವರಿಗೂ ತಮ್ಮದೇ ಪುಸ್ತಕ ಪ್ರಕಾಶನ ಇತ್ತು.

ತೇಜಸ್ವಿಯವರ ಹೆಸರು ಬಂದರೆ ಯಾರಾದರೂ ತಕ್ಷಣ ಕೇಳುತ್ತಾರೆ: ‘ಕರ್ವಾಲೊ’ ಬಂದದ್ದು 1980ರಲ್ಲಿ, ಇವತ್ತಿಗೂ ಮರುಮುದ್ರಣ ಆಗುತ್ತಿದೆ, ಗುಣ ಇದ್ದರೆ ಮಾರಾಟ ಆಗುತ್ತದಲ್ಲ? ಭೈರಪ್ಪನವರ ‘ಆವರಣ’ 2007ರಲ್ಲಿ ಬಿಡುಗಡೆಗೂ ಮುನ್ನವೇ ಮೊದಲ ಮುದ್ರಣ ಖಾಲಿಯಾಯಿತಲ್ಲ? ಆಗುತ್ತದೆ. ಆದರೆ ‘ಆವರಣ’ದ ಮೊದಲ ಮುದ್ರಣ ಕೊಂಡವರು ಅದನ್ನು ಇನ್ನೂ ಓದಿರಲಿಲ್ಲ. ಅವರು ಕೊಂಡದ್ದು ನಲವತ್ತಕ್ಕೂ ಹೆಚ್ಚು ವರ್ಷ ಬರೆದು ಭೈರಪ್ಪ ಗಳಿಸಿದ್ದ ನಂಬಿಕೆಯನ್ನು. ಒಳ್ಳೆಯ ಬರವಣಿಗೆ ಕೆಲಸ ಮಾಡುವುದು ಪುಸ್ತಕ ತೆರೆದ ಮೇಲೆ. ದುಡ್ಡು ಕೈ ಬದಲಾಗುವುದು ತೆರೆಯುವ ಮುನ್ನ. ಆ ಮುನ್ನಿನ ಗಳಿಗೆಯಲ್ಲಿ ನನ್ನ ಪುಸ್ತಕದ ಪರವಾಗಿ ಮಾತಾಡಲು ಮುಖಪುಟದಲ್ಲಿದ್ದ ಒಂದು ಚಿಮಣಿ ಬಿಟ್ಟು ಯಾರೂ ಇರಲಿಲ್ಲ.

ಒಂದು ಸಾಹಿತ್ಯ ಸಮ್ಮೇಳನದ ಮಳಿಗೆಯಲ್ಲಿ ಮೂರು ದಿನ ಕೂತೆ. ಧೂಳು, ಗಿರ್ಮಿಟ್ಟಿನ ವಾಸನೆ, ಮೈಕಿನಲ್ಲಿ ಕಳೆದುಹೋದ ಮಕ್ಕಳ ಹೆಸರು. ಪಕ್ಕದ ಮಳಿಗೆಯಲ್ಲಿ ಒಬ್ಬ ಹುಡುಗ, ಸಾಫ್ಟ್‌ವೇರ್ ಕೆಲಸದವನು, ತನ್ನ ಮೂರನೆಯ ಪತ್ತೇದಾರಿ ಕಾದಂಬರಿ ಇಟ್ಟುಕೊಂಡಿದ್ದ. ಪ್ರಕಾಶಕನೂ ಅವನೇ. ಫೇಸ್‌ಬುಕ್ಕಿನಲ್ಲಿ ಮುಂಗಡ ಬುಕಿಂಗ್ ಮಾಡಿಸಿಕೊಂಡು, ಹಣ ಬಂದ ಮೇಲೆ ಅಚ್ಚು ಹಾಕಿಸಿ, ಗಂಡ ಹೆಂಡತಿ ರಾತ್ರಿ ಕೂತು ಪ್ಯಾಕ್ ಮಾಡಿ, ಪ್ರತಿಯೊಂದರ ಮೇಲೂ ಕೊಂಡವರ ಹೆಸರು ಬರೆದು ಸಹಿ ಹಾಕಿ ಕಳಿಸುತ್ತಾರೆ. ಅವನ ಮಳಿಗೆಗೆ ಬಂದವರು ಅವನ ಹೆಸರು ಹಿಡಿದು ಕರೆಯುತ್ತಿದ್ದರು, ಸೆಲ್ಫಿ ತೆಗೆಸಿಕೊಳ್ಳುತ್ತಿದ್ದರು. ನನ್ನ ಮಳಿಗೆಗೆ ಬಂದವರು ಪುಸ್ತಕ ಎತ್ತಿ, ಬೆನ್ನು ತಿರುಗಿಸಿ, ಬೆಲೆ ನೋಡಿ, ‘ಡಿಸ್ಕೌಂಟ್ ಎಷ್ಟು’ ಎಂದು ಕೇಳಿ ಇಟ್ಟು ಹೋಗುತ್ತಿದ್ದರು. ಒಬ್ಬ ವೃದ್ಧರು ಮಾತ್ರ ಚಿಮಣಿಯ ಚಿತ್ರ ನೋಡಿ, ‘ಇದು ನಮ್ಮ ಎಂಪಿಎಂ ಅಲ್ವಾ’ ಎಂದು ನಿಂತರು. ಅಲ್ಲಿ ಬಾಯ್ಲರ್ ವಿಭಾಗದಲ್ಲಿದ್ದವರಂತೆ. ರಿಯಾಯಿತಿ ಕೇಳಲಿಲ್ಲ.

ಆ ಹುಡುಗನ ಕಾದಂಬರಿಯನ್ನು ಕೊಂಡು ಓದಿದೆ. ಹೊಟ್ಟೆಕಿಚ್ಚಿನಿಂದ ಶುರು ಮಾಡಿದೆ ಎಂದೇ ಇಟ್ಟುಕೊಳ್ಳಿ. ವಾಕ್ಯಗಳು ಒರಟು, ಎಲ್ಲ ಪಾತ್ರಗಳೂ ಒಂದೇ ಬೆಂಗಳೂರಿನ ಮಾತಾಡುತ್ತವೆ, ಮಂಗಳೂರಿನ ಪೊಲೀಸನೂ. ಆದರೆ ರಾತ್ರಿ ಒಂದೂವರೆಗೆ ಮುಗಿಸಿಯೇ ದೀಪ ಆರಿಸಿದೆ. ಅವನಿಗೆ ತನ್ನ ಓದುಗ ಯಾರೆಂದು ಗೊತ್ತು: ಮೆಟ್ರೋದಲ್ಲಿ ನಿಂತುಕೊಂಡು ಓದುವವನು, ಶಾಲೆ ಬಿಟ್ಟಮೇಲೆ ಕನ್ನಡ ಪುಸ್ತಕವನ್ನೇ ಮುಟ್ಟದೆ ಇದ್ದು ಈಗ ಮತ್ತೆ ಮುಟ್ಟುತ್ತಿರುವವನು. ಅವನ ಪುಸ್ತಕ ಮಾರಾಟವಾದದ್ದು ನನ್ನದಕ್ಕಿಂತ ಚೆನ್ನಾಗಿದೆ ಎಂದಲ್ಲ, ಕೆಟ್ಟದಾಗಿದೆ ಎಂದೂ ಅಲ್ಲ. ಸೈಕಲ್ಲಿನವರು, ವಾರಪತ್ರಿಕೆ, ಗ್ರಂಥಮಾಲೆ ಇವೆಲ್ಲ ಸೇರಿ ಮಾಡುತ್ತಿದ್ದ ಕೆಲಸವನ್ನು ಅವನೂ ಅವನ ಹೆಂಡತಿಯೂ ಎರಡು ಕೋಣೆಯ ಮನೆಯೊಂದರಲ್ಲಿ ಮಾಡುತ್ತಿದ್ದಾರೆ. ನನಗೆ ಆ ಶಕ್ತಿ ಇಲ್ಲ. ಇದ್ದವರು ಎಲ್ಲರೂ ಚೆನ್ನಾಗಿ ಬರೆಯುತ್ತಾರೆಂದೂ ಇಲ್ಲ. ಇವೆರಡೂ ಬೇರೆ ಬೇರೆ ಶಕ್ತಿಗಳು, ಒಬ್ಬನೇ ಮನುಷ್ಯನಲ್ಲಿ ಎರಡೂ ಇರಬೇಕೆಂದು ಈಗಿನ ಕಾಲ ಕೇಳುತ್ತಿದೆ.

ಮೂರನೆಯ ವರ್ಷ ಪ್ರಕಾಶಕರು ಗೋದಾಮು ಬದಲಿಸಿದರು. ಉಳಿದ ಪ್ರತಿಗಳನ್ನು ಕಾಲು ಬೆಲೆಗೆ ತೆಗೆದುಕೊಳ್ಳುತ್ತೀರಾ, ಇಲ್ಲದಿದ್ದರೆ ತೂಕಕ್ಕೆ ಹಾಕಬೇಕಾಗುತ್ತದೆ ಎಂದು ಸಂಕೋಚದಿಂದ ಕೇಳಿದರು. ಇನ್ನೂರಕ್ಕೂ ಹೆಚ್ಚು ಪ್ರತಿ ಲಗೇಜ್ ಆಟೋದಲ್ಲಿ ನಮ್ಮ ಶಿವಮೊಗ್ಗದ ಮನೆಗೆ ಬಂದವು. ಬಂಡಲುಗಳನ್ನು ಮಂಚದ ಕೆಳಗೆ, ಅಟ್ಟದ ಮೇಲೆ, ಹೊಲಿಗೆ ಯಂತ್ರದ ಹಿಂದೆ ತುರುಕಿದೆವು. ಮಳೆಗಾಲದಲ್ಲಿ ಅಟ್ಟದವಕ್ಕೆ ಗೆದ್ದಲು ಹತ್ತಿತು. ಹೆಂಡತಿ ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು. ಆ ವರ್ಷವೆಲ್ಲ ನಾನು ಒಂದು ಸಾಲೂ ಬರೆಯಲಿಲ್ಲ. ಪುಸ್ತಕದಂಗಡಿಗಳ ಬೀದಿ ಬಿಟ್ಟು ಸುತ್ತು ಬಳಸಿ ಹೋಗುತ್ತಿದ್ದೆ. ಬೇರೆಯವರ ಪುಸ್ತಕ ಬಿಡುಗಡೆಯ ಆಮಂತ್ರಣ ವಾಟ್ಸ್ಆ್ಯಪಿನಲ್ಲಿ ಬಂದರೆ ಮೈ ಬಿಸಿಯೇರುತ್ತಿತ್ತು. ಪುಸ್ತಕವನ್ನೇ ಅನುಮಾನಿಸಲು ಶುರು ಮಾಡಿದ್ದು ಆಗ. ಕತ್ತರಿಸಬೇಕಿತ್ತೇನೋ, ಒಂದು ಕೊಲೆ ಇಡಬೇಕಿತ್ತೇನೋ ಎಂದೆಲ್ಲ ರಾತ್ರಿ ಎದ್ದು ಓದಿ ನೋಡುತ್ತಿದ್ದೆ. ಇಲ್ಲ, ಪುಸ್ತಕ ಸರಿಯಾಗಿಯೇ ಇತ್ತು.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಅಂತರರಾಷ್ಟ್ರೀಯ ಬೂಕರ್ ಬಂತು. ನಮ್ಮ ಬೀದಿಯಲ್ಲಿ ಯಾವತ್ತೂ ಪುಸ್ತಕದ ಮಾತೆತ್ತದವರು ನನ್ನನ್ನು ನಿಲ್ಲಿಸಿ ಅವರ ಕಥೆಗಳು ಎಲ್ಲಿ ಸಿಗುತ್ತವೆಂದು ಕೇಳಿದರು. ನನಗೆ ನಿಜವಾಗಿ ಸಂತೋಷವಾಯಿತು. ‘ಹಾರ್ಟ್ ಲ್ಯಾಂಪ್’ನ ಹನ್ನೆರಡು ಕಥೆಗಳು 1990ರಿಂದ 2023ರವರೆಗೆ ಬರೆದವುಗಳಿಂದ ಆಯ್ದವು. ಅವರ ‘ಕರಿ ನಾಗರಗಳು’ ಕಥೆಯನ್ನು ಗಿರೀಶ ಕಾಸರವಳ್ಳಿ ‘ಹಸೀನಾ’ ಎಂಬ ಸಿನಿಮಾ ಮಾಡಿಯೂ ಇಪ್ಪತ್ತು ವರ್ಷವಾಗಿತ್ತು. ಆ ಕಥೆಗಳು ಏಪ್ರಿಲಿನಲ್ಲೂ ಅಷ್ಟೇ ಒಳ್ಳೆಯವಾಗಿದ್ದವು. ಒಂದು ವಾಕ್ಯವೂ ಬದಲಾಗಿರಲಿಲ್ಲ.

ಅದೇ ಬೇಸಿಗೆಯಲ್ಲಿ ಮತ್ತೆ ಬರೆಯಲು ಕೂತೆ. ಬೇರೆ ಕಾರಣವೇನೂ ಇಲ್ಲ, ನಿವೃತ್ತಿಯಾಗಿತ್ತು, ತಲೆಯಲ್ಲಿ ಒಂದು ಕಥೆ ಇತ್ತು. ಮುಗಿದ ಮೇಲೆ ಹಳೆಯ ಪ್ರಕಾಶಕರಿಗೆ ಫೋನ್ ಮಾಡಿದೆ. ಪ್ರೀತಿಯಿಂದ ಮಾತಾಡಿ, ‘ಇನ್ನೂರು ಪುಟದೊಳಗೆ ಇದ್ದರೆ ನೋಡೋಣ’ ಎಂದರು. ನಾನೂರರ ಹತ್ತಿರ ಇದೆ ಎಂದೆ. ಇಬ್ಬರೂ ನಕ್ಕೆವು. ಹಸ್ತಪ್ರತಿ ಈಗ ಇನ್ನೊಬ್ಬ ಪ್ರಕಾಶಕರ ಬಳಿ ಇದೆ, ಕಿರಿಯರು, ಚುರುಕಿನವರು. ಅವರು ಪುಟದ ಮಾತೆತ್ತಲಿಲ್ಲ. ಕಥೆ ಯಾವುದರ ಬಗ್ಗೆ ಎಂದೂ ಕೇಳಲಿಲ್ಲ. ಫೇಸ್‌ಬುಕ್ಕಿನಲ್ಲಿ ನಿಮ್ಮನ್ನು ಎಷ್ಟು ಜನ ಹಿಂಬಾಲಿಸುತ್ತಾರೆ ಸಾರ್ ಎಂದರು. ಇದ್ದ ಸಂಖ್ಯೆಯನ್ನೇ ಹೇಳಿದೆ. ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ.